ನಂಬಿಕೆಗೆ ಕೈಕಾಲು ಬರುವುದು ಹೇಗೆ: ಯಾಕೋಬನ ಪತ್ರಿಕೆ ಹಿಡಿದು ಕಷ್ಟದ ದಿನಗಳನ್ನು ನಡೆಯುವ ದಾರಿ

ಅಮ್ಮ ಐಸಿಯುನಲ್ಲಿದ್ದ ಮೂರನೇ ರಾತ್ರಿ. ಹೊರಗೆ ಸಾಲಾಗಿ ಹಾಕಿದ್ದ ಕಬ್ಬಿಣದ ಕುರ್ಚಿಗಳು ಎಸಿ ಗಾಳಿಗೆ ಕೊರೆಯುತ್ತಿದ್ದವು. ಸಂಜೆ ನಮ್ಮ ಸಭೆಯಿಂದ, ಅಂದರೆ ಚರ್ಚಿನಿಂದ, ಏಳೆಂಟು ಜನ ಬಂದು ಹೋಗಿದ್ದರು. ಎಲ್ಲರೂ ಪ್ರೀತಿಯಿಂದಲೇ ಬಂದವರು. "ಧೈರ್ಯವಾಗಿರು, ನಾವು ಪ್ರಾರ್ಥನೆ ಮಾಡ್ತೀವಿ" ಅಂದರು, ಹೊರಟರು. ರಾತ್ರಿ ಹತ್ತರ ಮೇಲೆ ಸಭೆಯ ಒಬ್ಬರು ವಯಸ್ಸಾದ ಆಂಟಿ ಒಬ್ಬರೇ ಬಂದರು. ಜಾಸ್ತಿ ಮಾತಾಡಲಿಲ್ಲ. ಚೀಲದಿಂದ ದಪ್ಪನೆಯ ಕಂಬಳಿ ತೆಗೆದು ನನ್ನ ಹೆಗಲಿಗೆ ಹೊದಿಸಿದರು. ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದರು, ಫೋನ್ ಚಾರ್ಜರ್ ಕೂಡ ತಂದಿದ್ದರು. "ಎರಡು ಗಂಟೆ ಮಲಗು, ಡಾಕ್ಟರ್ ಕರೆದರೆ ನಾನೇ ಎಬ್ಬಿಸ್ತೀನಿ" ಅಂದರು. ನನ್ನ ತಲೆ ಮೇಲೆ ಕೈಯಿಟ್ಟು ಮಾಡಿದ ಪ್ರಾರ್ಥನೆ ಎರಡೇ ವಾಕ್ಯ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಅಂತ ಒಂದು ಪತ್ರ ಇದೆ. ಅದರ ಎರಡನೇ ಅಧ್ಯಾಯದಲ್ಲಿ ಬಟ್ಟೆಯಿಲ್ಲದ, ಆ ದಿನದ ಊಟಕ್ಕೂ ಗತಿಯಿಲ್ಲದ ಒಬ್ಬರಿಗೆ "ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ" ಅಂತ ಹೇಳಿ ಏನೂ ಕೊಡದೆ ಕಳಿಸುವವರ ಮಾತು ಬರುತ್ತದೆ. ಎಷ್ಟು ಸಲ ಓದಿದ್ದೆನೋ. ಆ ಕಂಬಳಿ ಮೈಮೇಲೆ ಬಿದ್ದಾಗ ಅದು ಅರ್ಥವಾಯಿತು. ಆ ರಾತ್ರಿಯ ನಂತರ ಈ ಪತ್ರಿಕೆಯನ್ನು ನಾನು ಓದುವ ರೀತಿಯೇ ಬದಲಾಯಿತು. ಒಂದು ವಚನ ಓದಿದರೆ ಅದರಿಂದ ಇವತ್ತು ಮಾಡಬೇಕಾದ ಒಂದು ಕೆಲಸ ಹುಡುಕುತ್ತೇನೆ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ. ಈಗ ಕಷ್ಟದಲ್ಲಿರುವ ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ಮೊದಲು ಪತ್ರಿಕೆಯನ್ನು ಒಂದೇ ಸಲಕ್ಕೆ ಜೋರಾಗಿ ಓದಿ

ಐದೇ ಅಧ್ಯಾಯ, 108 ವಚನ. ಮೊದಮೊದಲು ಇದನ್ನು ಒಬ್ಬರು ಜೋರಾಗಿ ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಹಾಗಾಗಿ ಕಿವಿಗೆ ಕೇಳಿಸುವ ಹಾಗೆ ಓದಿದರೆ ಇದರ ಖಾರ ಗೊತ್ತಾಗುತ್ತದೆ. ಬರೆದವನು ಯೇಸುವಿನ ತಮ್ಮನಾದ ಯಾಕೋಬ ಅಂತ ಸಭೆ ಹಿಂದಿನಿಂದಲೂ ಹೇಳಿಕೊಂಡು ಬಂದಿದೆ. ಯೇಸು ಊರೂರು ಸುತ್ತುತ್ತಿದ್ದ ಕಾಲದಲ್ಲಿ ಆತನ ತಮ್ಮಂದಿರೇ ಆತನನ್ನು ನಂಬಲಿಲ್ಲ ಅಂತ ಯೋಹಾನನ ಸುವಾರ್ತೆಯ ಏಳನೇ ಅಧ್ಯಾಯ ಹೇಳುತ್ತದೆ. ಸಾವಿನಿಂದ ಎದ್ದು ಬಂದ ಯೇಸು ಯಾಕೋಬನಿಗೂ ಕಾಣಿಸಿಕೊಂಡ ಅಂತ ಅಪೊಸ್ತಲನಾದ ಪೌಲ ಕೊರಿಂಥ ಊರಿನ ಸಭೆಗೆ ಬರೆದಿದ್ದಾನೆ. ಆಮೇಲೆ ಇದೇ ಯಾಕೋಬ ಯೆರೂಸಲೇಮಿನ ಸಭೆಗೆ ಕಂಬದ ಹಾಗೆ ನಿಂತ. ಕ್ರಿ.ಶ. 62ರಲ್ಲಿ ಮಹಾಯಾಜಕನೊಬ್ಬ ಅವನನ್ನು ಕಲ್ಲೆಸೆದು ಕೊಲ್ಲಲು ಒಪ್ಪಿಸಿದ ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕಷ್ಟದ ಬಗ್ಗೆ ಈ ಮನುಷ್ಯ ದಡದ ಮೇಲೆ ನಿಂತು ಮಾತಾಡುತ್ತಿಲ್ಲ. ಅಣ್ಣನನ್ನು ಶಿಲುಬೆಗೆ ಹಾಕಿದ ಊರಿನಲ್ಲೇ ಉಳಿದು ಸಭೆ ನೋಡಿಕೊಂಡವನು.

ಕಷ್ಟ ಬಂದಾಗ ಅದಕ್ಕೆ ಹೆಸರಿಡಿ

ಪತ್ರಿಕೆ ಶುರುವಾಗುವುದೇ ನಮಗೆ ನುಂಗಲು ಕಷ್ಟವಾಗುವ ಮಾತಿನಿಂದ. ನಾನಾ ವಿಧದ ಕಷ್ಟಗಳಲ್ಲಿ ಬಿದ್ದಾಗ ಅದನ್ನು ಸಂತೋಷ ಅಂತ ಎಣಿಸಿ ಅನ್ನುತ್ತಾನೆ. "ಎಣಿಸಿ" ಅನ್ನುವ ಮಾತನ್ನು ಬಿಡಬೇಡಿ. ನಗುತ್ತಾ ಇರಿ ಅಂತ ಅವನು ಹೇಳಿಲ್ಲ. ಎಣಿಸುವುದು ಲೆಕ್ಕದ ಮಾತು. ಕಣ್ಣಲ್ಲಿ ನೀರು ಇರುವಾಗಲೂ ಲೆಕ್ಕ ಹಾಕಬಹುದು. ಈ ಕಷ್ಟ ನನ್ನಲ್ಲಿ ಏನನ್ನೋ ಬೆಳೆಸುತ್ತಿದೆ, ಇದು ವ್ಯರ್ಥವಾಗಿ ಹೋಗುವುದಿಲ್ಲ ಅಂತ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವುದು ಅಷ್ಟೇ. ತೀರಿಕೊಂಡ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸುವೇ ಅತ್ತ. ಇನ್ನು ಐದು ನಿಮಿಷಕ್ಕೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದರೂ ಅತ್ತ. ಹಾಗಾಗಿ ಮೊದಲ ದಿನ ಅಳಬೇಕು ಅನಿಸಿದರೆ ಅಳಿ. ಮತ್ತೆ ಒಂದು ಮಾತು ದಯವಿಟ್ಟು ನೆನಪಿಡಿ: ಈ ವಚನವನ್ನು ನಿಮಗೆ ನೀವು ಹೇಳಿಕೊಳ್ಳಿ, ಮಗುವನ್ನು ಮಣ್ಣು ಮಾಡಿ ಬಂದ ತಾಯಿಯ ಎದುರು ಹೋಗಿ ಹೇಳಬೇಡಿ. ಅವರ ಪಕ್ಕದಲ್ಲಿ ಸುಮ್ನೆ ಕೂತಿರಿ.

ಸ್ವಲ್ಪ ಸಮಾಧಾನ ಆದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ನನ್ನ ಕಷ್ಟ ಏನು ಅಂತ ಒಂದೇ ಸಾಲಿನಲ್ಲಿ ಬರೆಯಿರಿ. "ಎಲ್ಲಾ ಹಾಳಾಗಿದೆ" ಅಂತ ಬರೆಯಬೇಡಿ. "ಕೆಲಸ ಹೋಗಿದೆ, ಮುಂದಿನ ತಿಂಗಳ ಬಾಡಿಗೆಗೆ ದುಡ್ಡಿಲ್ಲ" ಅಂತ ಬರೆಯಿರಿ. ಆಮೇಲೆ ಇದು ಯಾವ ಬಗೆಯ ಕಷ್ಟ ಅಂತ ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ.

ಮೊದಲನೆಯದು ಕಾಯಿಲೆ, ಸಾವು, ನಷ್ಟ, ನಮ್ಮ ಕೈಯಲ್ಲಿ ಇಲ್ಲದ್ದು. ಇದರಲ್ಲಿ ಬೇಕಾಗಿರುವುದು ತಾಳ್ಮೆ. ಯಾಕೋಬ ಬಳಸಿದ ಗ್ರೀಕ್ ಪದ ಹುಪೊಮೊನೆ. ಹುಪೊ ಅಂದರೆ ಕೆಳಗೆ, ಮೊನೆ ಬಂದದ್ದು ಉಳಿಯುವುದು ಅನ್ನುವ ಕ್ರಿಯಾಪದದಿಂದ. ಭಾರದ ಕೆಳಗೆ ಓಡಿಹೋಗದೆ ಉಳಿಯುವುದು. ತಲೆ ಮೇಲೆ ಹೊರೆ ಹೊತ್ತವರು ನಡೆಯುವುದನ್ನು ನೋಡಿ, ಅವರು ನಿಂತಿರುವುದಿಲ್ಲ, ಹೆಜ್ಜೆ ಹಾಕುತ್ತಲೇ ಇರುತ್ತಾರೆ. ಕುತ್ತಿಗೆ ಗಟ್ಟಿಯಾಗುವುದು ಹಾಗೆ ನಡೆದು ನಡೆದೇ.

ಎರಡನೆಯದು ನಮ್ಮ ಆಸೆಯೇ ನಮ್ಮನ್ನು ಎಳೆದುಕೊಂಡು ಹೋಗಿ ಸಿಕ್ಕಿಸಿದ್ದು. ಗ್ರೀಕಿನಲ್ಲಿ ಹೊರಗಿನ ಕಷ್ಟಕ್ಕೂ ಒಳಗಿನ ಪ್ರಲೋಭನೆಗೂ ಒಂದೇ ಪದ. ಆದರೆ ಯಾಕೋಬ ಎರಡನ್ನೂ ಬೇರೆ ಮಾಡಿ ತೋರಿಸುತ್ತಾನೆ. ದೇವರು ನನ್ನನ್ನು ಪಾಪಕ್ಕೆ ಎಳೆದ ಅಂತ ಯಾರೂ ಹೇಳಬಾರದು, ಎಳೆಯುವುದು ನಮ್ಮದೇ ಆಸೆ, ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ ಅನ್ನುತ್ತಾನೆ. ಸಾಲ ಮಾಡಿ ಆನ್‌ಲೈನ್ ಜೂಜು ಆಡಿ ಮುಳುಗಿದವನಿಗೆ "ಇದು ದೇವರ ಪರೀಕ್ಷೆ, ತಾಳಿಕೋ" ಅಂದರೆ ಅದು ಮೋಸ. ಅವನು ಆ ಆಪ್ ತೆಗೆದುಹಾಕಬೇಕು, ಹೆಂಡತಿಗೆ ನಿಜ ಹೇಳಬೇಕು.

ಮೂರನೆಯದು ಬೇರೆಯವರ ಅನ್ಯಾಯ. ಐದನೇ ಅಧ್ಯಾಯದಲ್ಲಿ, ಹೊಲ ಕೊಯ್ದ ಆಳುಗಳ ಕೂಲಿ ಹಿಡಿದುಕೊಂಡ ಧಣಿಗಳ ಮೇಲೆ ಯಾಕೋಬ ಹರಿಹಾಯುತ್ತಾನೆ. ಆ ಕೂಲಿಯೇ ಕೂಗಿಕೊಳ್ಳುತ್ತಿದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಅನ್ನುತ್ತಾನೆ. ಅಂದರೆ ತಾಳ್ಮೆ ಬಾಯಿ ಮುಚ್ಚಿಸುವ ಬಟ್ಟೆ ಅಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸಿಗೆ ಯಾರಾದರೂ ಈ ಪತ್ರಿಕೆ ತೋರಿಸಿ ಸಹಿಸಿಕೋ ಅಂದರೆ, ಅವರು ಪತ್ರಿಕೆಯನ್ನು ಓದಿಲ್ಲ. ಅಲ್ಲಿ ಮಾಡಬೇಕಾದ ಕೆಲಸ ಅವಳನ್ನು ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗುವುದು.

ಬುದ್ಧಿ ಕೇಳಿ, ದೇವರು ಹಂಗಿಸುವುದಿಲ್ಲ

ನನಗೆ ಇಡೀ ಪತ್ರಿಕೆಯಲ್ಲಿ ತುಂಬಾ ಇಷ್ಟವಾದ ಪದ ಇದು. ಯಾರಿಗಾದರೂ ಜ್ಞಾನ ಕಡಿಮೆಯಿದ್ದರೆ ದೇವರನ್ನು ಕೇಳಲಿ, ಆತ ಹಂಗಿಸದೆ ಧಾರಾಳವಾಗಿ ಕೊಡುತ್ತಾನೆ. ಹಂಗಿಸದೆ! ಕಷ್ಟದಲ್ಲಿ ನೆಂಟರ ಹತ್ತಿರ ಸಹಾಯ ಕೇಳಿದವರಿಗೆ ಈ ಪದದ ಬೆಲೆ ಗೊತ್ತು. ಕೊಡುತ್ತಾರೆ, ಕೊಟ್ಟು ಹತ್ತು ವರ್ಷ ಅದನ್ನೇ ಆಡುತ್ತಾರೆ. ಹೋದ ಸಲವೇ ಹೇಳಿರಲಿಲ್ವಾ, ಮತ್ತೆ ಬಂದ್ಯಾ ಅಂತಾರೆ. ದೇವರ ಹತ್ತಿರ ಅದು ಇಲ್ಲ. ಅದೇ ತಪ್ಪು ಮಾಡಿಕೊಂಡು ಐದನೇ ಸಲ ಹೋದರೂ ಇಲ್ಲ.

ಈ ಮಾತು ಬರುವ ಜಾಗ ನೋಡಿ, ಕಷ್ಟದ ಮಾತು ಮುಗಿದ ಕೂಡಲೇ ಬರುತ್ತದೆ. ಅಂದರೆ ಇಲ್ಲಿ ಕೇಳುತ್ತಿರುವ ಜ್ಞಾನ ಈ ಕಷ್ಟದ ನಡುವೆ ಮುಂದಿನ ಹೆಜ್ಜೆ ಎಲ್ಲಿಡಬೇಕು ಅನ್ನುವ ಜ್ಞಾನ. ಹಾಗಾಗಿ ಕೇಳುವಾಗ ಸಣ್ಣದಾಗಿ, ನೇರವಾಗಿ ಕೇಳಿ. "ಕರ್ತನೇ, ನನ್ನ ಜೀವನಕ್ಕೆ ದಾರಿ ತೋರಿಸು" ಅನ್ನುವುದು ಒಳ್ಳೆಯ ಪ್ರಾರ್ಥನೆಯೇ. ಆದರೆ "ಇವತ್ತು ಸಂಜೆ ಅಣ್ಣನ ಹತ್ತಿರ ಏನು ಮಾತಾಡಲಿ" ಅಂತ ಕೇಳಿದರೆ ಉತ್ತರ ಬಂದಾಗ ನಿಮಗೆ ಗೊತ್ತಾಗುತ್ತದೆ.

ಸಂಶಯ ಪಡದೆ ಕೇಳಬೇಕು ಅಂತಾನೆ, ಸಂಶಯ ಪಡುವವನು ಗಾಳಿಗೆ ಹೊಯ್ದಾಡುವ ಸಮುದ್ರದ ಅಲೆಯ ಹಾಗೆ. ಇದನ್ನು ಓದಿ ತುಂಬಾ ಜನ ಹೆದರುತ್ತಾರೆ, ನನ್ನ ಮನಸ್ಸಿನಲ್ಲಿ ಒಂದು ಅನುಮಾನ ಬಂತು, ಹಾಗಾದರೆ ನನ್ನ ಪ್ರಾರ್ಥನೆ ಹೋಯಿತು ಅಂತ. ಹೆದರಬೇಡಿ. "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಯೇಸುವಿನ ಮುಂದೆ ಅತ್ತ, ಯೇಸು ಆ ಮಗನನ್ನು ವಾಸಿಮಾಡಿದ. ಯಾಕೋಬ ಹೇಳುತ್ತಿರುವುದು ಎರಡು ದೋಣಿಯಲ್ಲಿ ಕಾಲಿಟ್ಟವರ ಬಗ್ಗೆ. ದೇವರನ್ನು ಕೇಳೋಣ, ಆತ ಹೇಳಿದ್ದು ಇಷ್ಟವಾಗದಿದ್ದರೆ ನಮ್ಮ ದಾರಿ ನಮಗೆ ಇದ್ದೇ ಇದೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಕೇಳುವುದು ಅದು.

ಕೇಳಿದ ಮೇಲೆ ಮನಸ್ಸಿಗೆ ಒಂದು ಯೋಚನೆ ಬರುತ್ತದೆ. ಅದು ಮೇಲಿನಿಂದ ಬಂದದ್ದಾ, ನನ್ನ ಸಿಟ್ಟಿನಿಂದ ಬಂದದ್ದಾ ಅಂತ ತಿಳಿಯುವುದು ಹೇಗೆ? ಅದಕ್ಕೂ ಯಾಕೋಬನೇ ಒಂದು ಜರಡಿ ಕೊಟ್ಟಿದ್ದಾನೆ, ಮೂರನೇ ಅಧ್ಯಾಯದ 17ನೇ ವಚನ. ಮೇಲಿನಿಂದ ಬರುವ ಜ್ಞಾನ ಶುದ್ಧವಾಗಿರುತ್ತದೆ, ಸಮಾಧಾನ ತರುತ್ತದೆ, ಮೃದುವಾಗಿರುತ್ತದೆ, ಬೇರೆಯವರ ಮಾತಿಗೂ ಬಗ್ಗುತ್ತದೆ, ಕರುಣೆ ಮತ್ತು ಒಳ್ಳೆಯ ಫಲ ತುಂಬಿರುತ್ತದೆ, ಪಕ್ಷಪಾತ ಇಲ್ಲ, ಕಪಟ ಇಲ್ಲ.

ಅಮ್ಮ ಮನೆಗೆ ಬಂದ ಮೇಲೆ ನಾನು ಇದನ್ನು ನಿಜವಾಗಿ ಬಳಸಿದೆ. ಅಣ್ಣ ಆಸ್ಪತ್ರೆಗೆ ಬಂದದ್ದು ಒಂದೇ ಸಲ, ಖರ್ಚಿನ ಮಾತು ಎತ್ತಲೇ ಇಲ್ಲ. ಒಂದು ರಾತ್ರಿ ಕೂತು ಉದ್ದದ ಮೆಸೇಜ್ ಟೈಪ್ ಮಾಡಿದೆ. ಯಾವ ದಿನ ಯಾರು ಇದ್ದರು, ಎಷ್ಟು ಬಿಲ್ ಆಯಿತು, ಎಲ್ಲಾ ತಾರೀಖಿನ ಸಮೇತ. ಒಂದೂ ಸುಳ್ಳಿರಲಿಲ್ಲ. ಕಳಿಸುವ ಮುಂಚೆ ಆ ವಚನದ ಒಂದೊಂದೇ ಪದ ಇಟ್ಟು ನೋಡಿದೆ. ಸಮಾಧಾನ ತರುತ್ತದಾ? ಇಲ್ಲ. ಮೃದುವಾಗಿದೆಯಾ? ಇಲ್ಲ. ಅವನ ಮಾತಿಗೆ ಜಾಗ ಇದೆಯಾ? ಅಲ್ಲಿ ಪೂರ್ತಿ ಸಿಕ್ಕಿಬಿದ್ದೆ, ಅವನು ಉತ್ತರ ಕೊಡಬಾರದು ಅಂತಲೇ ಬರೆದಿದ್ದೆ. ಡಿಲೀಟ್ ಮಾಡಿ ಮಾರನೇ ದಿನ ಫೋನ್ ಮಾಡಿದೆ. ಮೊದಲು ಕೇಳಿದ್ದು "ನೀನು ಹೇಗಿದೀಯ?" ಅಂತ. ತುಂಬಾ ಹೊತ್ತು ಸುಮ್ಮನಿದ್ದು, ಅಪ್ಪ ತೀರಿಕೊಂಡ ಮೇಲೆ ಐಸಿಯು ಬಾಗಿಲು ಕಂಡರೆ ಕೈಕಾಲು ನಡುಗುತ್ತದೆ ಅಂದ. ಖರ್ಚಿನ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಮಾತಾಡುತ್ತಿದ್ದೇವೆ.

ನಾಲಿಗೆಗೆ ಕಡಿವಾಣ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮ ಹಿರಿಯರು ಹೇಳಿದ್ದನ್ನೇ ಯಾಕೋಬ ಕುದುರೆಯ ಬಾಯಿಯ ಕಡಿವಾಣ, ಹಡಗಿನ ಚುಕ್ಕಾಣಿ, ದೊಡ್ಡ ಕಾಡನ್ನು ಸುಡುವ ಸಣ್ಣ ಕಿಡಿ ಇಟ್ಟು ಹೇಳುತ್ತಾನೆ. ಒಂದೇ ಬಾಯಿಂದ ದೇವರನ್ನು ಹೊಗಳುತ್ತೇವೆ, ಅದೇ ಬಾಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೇವೆ. ಒಂದೇ ಬುಗ್ಗೆಯಿಂದ ಸಿಹಿನೀರು, ಉಪ್ಪುನೀರು ಎರಡೂ ಬರುತ್ತದಾ ಅಂತ ಕೇಳುತ್ತಾನೆ. ಕಷ್ಟದ ಸಮಯದಲ್ಲಿ ನಾಲಿಗೆ ಇನ್ನೂ ಸಡಿಲ. ದಣಿವು, ನಿದ್ದೆಗೇಡು, ಭಯ, ಎಲ್ಲಾ ಸೇರಿ ಹತ್ತಿರದವರ ಮೇಲೆಯೇ ಹೋಗಿ ಬೀಳುತ್ತದೆ.

ಇಲ್ಲಿ ಮಾಡಬಹುದಾದದ್ದು ಸರಳ. ಕೇಳುವುದರಲ್ಲಿ ಚುರುಕು, ಮಾತಾಡುವುದರಲ್ಲಿ ನಿಧಾನ, ಕೋಪದಲ್ಲೂ ನಿಧಾನ, ಈ ಮೂರನ್ನು ಅದೇ ಕ್ರಮದಲ್ಲಿ ಇಟ್ಟುಕೊಳ್ಳಿ. ಎದುರಿನವರು ಹೇಳಿದ್ದನ್ನು ನಿಮ್ಮ ಮಾತಲ್ಲಿ ಒಂದು ಸಲ ವಾಪಸ್ ಹೇಳಿ, ಆಮೇಲೆ ಉತ್ತರ ಕೊಡಿ. ಸಿಟ್ಟಿನಲ್ಲಿ ಬರೆದ ಮೆಸೇಜ್ ಬೆಳಿಗ್ಗೆವರೆಗೆ ಕಳಿಸಬೇಡಿ.

ಇನ್ನೊಂದು ವಿಷಯ ನನಗೆ ತುಂಬಾ ನೋವು ಕೊಡುತ್ತದೆ. "ಅವರ ಮಗಳ ವಿಷಯ ಗೊತ್ತಾಯ್ತಾ, ಪ್ರಾರ್ಥನೆ ಮಾಡಿ ಅಂತ ಹೇಳ್ತಿದ್ದೀನಿ ಅಷ್ಟೇ" ಅಂತ ಶುರುವಾಗುವ ಮಾತು. ಪ್ರಾರ್ಥನೆಯ ಹೆಸರಲ್ಲಿ ಒಂದು ಮನೆಯ ಗುಟ್ಟು ಮಧ್ಯಾಹ್ನದೊಳಗೆ ಇಡೀ ಸಭೆಗೆ ಹಬ್ಬುತ್ತದೆ. ಒಬ್ಬರ ಹೆಸರು ಹೇಳುವ ಮುಂಚೆ ಅವರ ಒಪ್ಪಿಗೆ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ನೀವೊಬ್ಬರೇ ಮಂಡಿಯೂರಿ, ದೇವರಿಗೆ ಅಷ್ಟು ಸಾಕು.

ಓದಿದ ದಿನವೇ ಮಾಡಿ

ವಾಕ್ಯವನ್ನು ಕೇಳಿ ಮಾಡದಿರುವವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆಚೆ ಹೋದ ಕೂಡಲೇ ಹೇಗಿದ್ದೆ ಅಂತ ಮರೆತವನ ಹಾಗೆ. ಮುಖಕ್ಕೆ ಮಸಿ ಮೆತ್ತಿದ್ದು ಕಂಡ ಮೇಲೂ ಒರೆಸಿಕೊಳ್ಳದೆ ಹೊರಟುಬಿಟ್ಟರೆ ಕನ್ನಡಿ ನೋಡಿ ಏನು ಪ್ರಯೋಜನ, ಅಲ್ವಾ? ಭಾನುವಾರ ಪ್ರಸಂಗ ಚೆನ್ನಾಗಿತ್ತು ಅನ್ನುತ್ತೇವೆ, ಬುಧವಾರಕ್ಕೆ ವಿಷಯವೇ ನೆನಪಿರುವುದಿಲ್ಲ.

ನಾನು ಮಾಡುವುದು ಹೀಗೆ. ಬೆಳಿಗ್ಗೆ ಐದಾರು ವಚನ ಓದುತ್ತೇನೆ, ಜಾಸ್ತಿ ಬೇಡ. ಅದರಿಂದ ಇವತ್ತು ಸಂಜೆಯೊಳಗೆ ಮಾಡಬಹುದಾದ ಒಂದು ಕೆಲಸ ಚೀಟಿಯಲ್ಲಿ ಬರೆಯುತ್ತೇನೆ. ಕೆಲಸದಲ್ಲಿ ಒಬ್ಬ ಮನುಷ್ಯನ ಹೆಸರು ಇರಬೇಕು. "ಪ್ರೀತಿಯಿಂದ ಇರುತ್ತೇನೆ" ಅಂತ ಬರೆದರೆ ಸಂಜೆ ಅದು ಆಯಿತಾ ಇಲ್ಲವಾ ಅಂತ ಹೇಳಲು ಆಗುವುದಿಲ್ಲ. "ಪಕ್ಕದ ಮನೆ ಅಜ್ಜಿಯ ಮಾತ್ರೆ ತಂದುಕೊಡುತ್ತೇನೆ" ಅಂದರೆ ಗೊತ್ತಾಗುತ್ತದೆ. ಚೀಟಿ ಜೇಬಿನಲ್ಲೇ ಇರುತ್ತದೆ. ಕೆಲವು ದಿನ ಆಗುವುದಿಲ್ಲ, ಆಗ ಮಾರನೇ ದಿನ ಹೊಸ ವಚನ ಓದುವುದಿಲ್ಲ, ಹಳೆಯ ಚೀಟಿಯೇ. ಒಳ್ಳೆಯದು ಏನು ಅಂತ ಗೊತ್ತಿದ್ದೂ ಮಾಡದಿದ್ದರೆ ಅದು ಪಾಪ ಅಂತ ನಾಲ್ಕನೇ ಅಧ್ಯಾಯದ ಕೊನೆಯ ವಚನ ಹೇಳುತ್ತದೆ, ಅದು ನನ್ನನ್ನು ಸುಮ್ನೆ ಇರಲು ಬಿಡುವುದಿಲ್ಲ.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ದುಡ್ಡಿನಿಂದ ಶುರು ಮಾಡಿ. ನಿಮ್ಮ ಹತ್ತಿರ ದುಡಿಯುವವರ ಸಂಬಳ ಬಾಕಿ ಇದೆಯಾ? ಇವತ್ತೇ ಕೊಡಿ, ನಿಮ್ಮ ಕಾಣಿಕೆ ಹಾಕುವ ಮುಂಚೆ ಕೊಡಿ. ಅನಾಥರನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ನೋಡಿಕೊಳ್ಳುವುದೇ ತಂದೆಯಾದ ದೇವರ ಮುಂದೆ ಶುದ್ಧ ಭಕ್ತಿ ಅಂತ ಯಾಕೋಬ ಬರೆದ. ಗಂಡ ಸತ್ತ ಮೊದಲ ವಾರ ಮನೆ ತುಂಬಾ ಜನ ಇರುತ್ತಾರೆ. ನಾಲ್ಕನೇ ತಿಂಗಳಲ್ಲಿ ಪೆನ್ಷನ್ ಕಾಗದ ಹಿಡಿದು ಕೌಂಟರ್‌ನಿಂದ ಕೌಂಟರ್‌ಗೆ ಅಲೆಯುವಾಗ ಯಾರೂ ಇರುವುದಿಲ್ಲ. ಆಗ ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ, ಫಾರಂ ತುಂಬಿಸಿಕೊಡಿ. ಆರಾಧನೆಗೆ ಚಿನ್ನದ ಉಂಗುರದವನು ಬಂದರೆ ಮುಂದಿನ ಕುರ್ಚಿ, ಕೊಳಕು ಬಟ್ಟೆಯವನು ಬಂದರೆ ಅಲ್ಲಿ ನಿಂತುಕೋ ಅನ್ನುವುದೂ ಎರಡನೇ ಅಧ್ಯಾಯದಲ್ಲಿದೆ. ಮುಂದಿನ ಭಾನುವಾರ ಯಾರೂ ಮಾತಾಡಿಸದವರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.

ಹಾಗಾದರೆ ಒಳ್ಳೆ ಕೆಲಸ ಮಾಡಿ ರಕ್ಷಣೆ ಸಂಪಾದಿಸಬೇಕಾ ಅಂತ ಕೇಳುವವರಿದ್ದಾರೆ. ನಂಬಿಕೆಯಿಂದಲೇ ರಕ್ಷಣೆ ಅಂತ ಸಾರಿದ ಸುಧಾರಕ ಮಾರ್ಟಿನ್ ಲೂಥರ್ ಕೂಡ 1522ರಲ್ಲಿ ಇದನ್ನು ಹುಲ್ಲಿನ ಪತ್ರಿಕೆ, ಅಂದರೆ ತೂಕವಿಲ್ಲದ್ದು, ಅಂದಿದ್ದ. ನನಗೆ ನಂಬಿಕೆಗೂ ಕೆಲಸಕ್ಕೂ ಜಗಳ ಕಾಣುವುದಿಲ್ಲ. ಕೃಪೆಯಿಂದಲೇ ರಕ್ಷಣೆ ಅಂತ ಎಫೆಸದವರಿಗೆ ಬರೆದ ಪತ್ರಿಕೆ ಹೇಳುತ್ತದೆ, ಅದರ ಮುಂದಿನ ಉಸಿರಿನಲ್ಲೇ ಒಳ್ಳೆಯ ಕೆಲಸಕ್ಕಾಗಿಯೇ ನಮ್ಮನ್ನು ಸೃಷ್ಟಿಸಲಾಗಿದೆ ಅಂತಲೂ ಹೇಳುತ್ತದೆ. ಮಗು ಹುಟ್ಟಿದ್ದು ಅದರ ಸ್ವಂತ ಪ್ರಯತ್ನದಿಂದಲ್ಲ. ಆದರೆ ಹುಟ್ಟಿದ ಮಗು ಅಳಬೇಕು, ಕೈಕಾಲು ಆಡಿಸಬೇಕು. ಆಡಿಸದಿದ್ದರೆ ತಾಯಿಗೆ ಭಯ.

ನಾಳೆಯ ಲೆಕ್ಕ

ಮುಂದಿನ ವರ್ಷ ಆ ಊರಿಗೆ ಹೋಗಿ ವ್ಯಾಪಾರ ಮಾಡಿ ಲಾಭ ಮಾಡುತ್ತೇವೆ ಅನ್ನುವವರಿಗೆ, ನಿಮ್ಮ ಜೀವ ಸ್ವಲ್ಪ ಹೊತ್ತು ಕಾಣಿಸಿ ಮಾಯವಾಗುವ ಹಬೆ ಅಂತಾನೆ. ಯೋಜನೆ ಹಾಕಬೇಡಿ ಅಂತ ಅರ್ಥ ಅಲ್ಲ. ಯೋಜನೆ ಪೆನ್ಸಿಲ್‌ನಲ್ಲಿ ಬರೆಯಿರಿ, ದೇವರ ಚಿತ್ತವಾದರೆ ಅಂತ ಮನಸಾರೆ ಹೇಳಿ.

ಒಬ್ಬರೇ ಹೊರಬೇಡಿ

ಕಷ್ಟದಲ್ಲಿದ್ದರೆ ಪ್ರಾರ್ಥಿಸಿ, ಸಂತೋಷವಾಗಿದ್ದರೆ ಹಾಡಿ, ಕಾಯಿಲೆಯಾದರೆ ಸಭೆಯ ಹಿರಿಯರನ್ನು ಕರೆಸಿ. ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ಇಲ್ಲಿ ಕರೆಯಬೇಕಾದವನು ಕಾಯಿಲೆಯವನೇ. ಯಾರೂ ಬಂದು ನೋಡಲಿಲ್ಲ ಅಂತ ಮುನಿಸಿಕೊಂಡು ಮಲಗುವ ಮುಂಚೆ ಹೇಳಿ ಕಳಿಸಿ. ಆ ಕಾಲದಲ್ಲಿ ಎಣ್ಣೆ ಔಷಧಿಯೂ ಹೌದು, ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಒಳ್ಳೆಯ ಸಮಾರ್ಯದವನು ಹಾಕಿದ್ದು ಎಣ್ಣೆ ಮತ್ತು ದ್ರಾಕ್ಷಾರಸವನ್ನೇ. ಹಾಗಾಗಿ ಪ್ರಾರ್ಥನೆ ಆಯಿತು ಅಂತ ಮಾತ್ರೆ ನಿಲ್ಲಿಸಬೇಡಿ.

ಪಾಪವನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅನ್ನುವುದು ನಾವು ಜಾಣತನದಿಂದ ದಾಟಿಹೋಗುವ ವಚನ. ಹತ್ತು ಜನ ಬೇಡ, ಬಾಯಿ ಗಟ್ಟಿಯಿರುವ ಒಬ್ಬರು ಸಾಕು. ತಿಂಗಳಿಗೊಂದು ಸಲ ಕೂತು, ನಾನು ಇಲ್ಲಿ ಬಿದ್ದೆ ಅಂತ ಹೇಳಿ. ಹಳೆಯ ಕಾಲದ ಪ್ರವಾದಿ ಎಲೀಯನೂ ನಮ್ಮಂಥ ಮನುಷ್ಯನೇ, ಅವನು ಪ್ರಾರ್ಥಿಸಿದಾಗ ಮೂರೂವರೆ ವರ್ಷ ಮಳೆ ಬರಲಿಲ್ಲ ಅನ್ನುವ ಮಾತೂ ಅಲ್ಲೇ ಪಕ್ಕದಲ್ಲಿದೆ. ನಮ್ಮಂಥವನೇ ಅನ್ನುವುದು ನನಗೆ ಧೈರ್ಯ. ಅದೇ ಎಲೀಯ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂದಿದ್ದ. ಆಗ ದೇವರು ಅವನನ್ನು ಬೈಯಲಿಲ್ಲ, ರೊಟ್ಟಿ ಕೊಟ್ಟು, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟ.

ಕೊನೆಯ ಎರಡು ವಚನ

ಬೇರೆ ಪತ್ರಿಕೆಗಳ ಹಾಗೆ ಇದರಲ್ಲಿ ಕೊನೆಗೆ ವಂದನೆ, ಆಶೀರ್ವಾದ ಯಾವುದೂ ಇಲ್ಲ. ಸತ್ಯದ ದಾರಿ ಬಿಟ್ಟು ಹೋದ ಒಬ್ಬನನ್ನು ಯಾರಾದರೂ ವಾಪಸ್ ಕರೆದುಕೊಂಡು ಬಂದರೆ ಅಂತ ಹೇಳುತ್ತಲೇ ಪತ್ರ ನಿಂತುಹೋಗುತ್ತದೆ. ನಿಮ್ಮ ಸಭೆಗೆ ಬರುವುದನ್ನು ನಿಲ್ಲಿಸಿದ ಒಬ್ಬರು ಈಗ ನಿಮ್ಮ ನೆನಪಿಗೆ ಬಂದಿರಬಹುದು. ಅವರಿಗೆ ಫೋನ್ ಮಾಡಿ. ಯಾಕೆ ಬರುತ್ತಿಲ್ಲ ಅಂತ ಕೇಳಬೇಡಿ. ಹೇಗಿದ್ದೀರಿ ಅಂತ ಕೇಳಿ, ಅವರು ಹೇಳುವುದನ್ನು ಕೊನೆವರೆಗೂ ಕೇಳಿಸಿಕೊಳ್ಳಿ. ಎತ್ತದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಒಂದು ವಾರ ಬಿಟ್ಟು ಮತ್ತೆ ಮಾಡಿ.